ಹರಕೆ ಮುರಿದ ಎಳನೀರಿನ ಐಸ್ ಕ್ರೀಮ್

ಐಸ್ ಕ್ರೀಮ್ ತಿಂದರೆ ಗಂಟಲು ಕಟ್ಟುತ್ತದೆ ಎಂದು ಮೊಮ್ಮಗಳಿಗೆ ಕಲಿಸಿದವಳು ನಾನೇ. ಕೊಪ್ಪದ ಪೇಟೆಯಲ್ಲಿ ಅವಳು ಅಂಗಡಿ ಮುಂದೆ ಹಟ ಹಿಡಿದಾಗಲೆಲ್ಲ, "ತಿಂದ್ರೆ ಉಸಿರೇ ಕಟ್ಟತ್ತೆ ನೋಡು" ಎಂದು ಹೆದರಿಸಿ ಎಳೆದುಕೊಂಡು ಬರುತ್ತಿದ್ದೆ. ನಾನು ಶಾಲೆ ಕಂಡದ್ದು ನಾಲ್ಕನೇ ಕ್ಲಾಸಿನ ತನಕ. ಮಕ್ಕಳ ಗಂಟಲಿಗೆ ನಮ್ಮಲ್ಲಿ ಕಷಾಯ ಬಿಟ್ಟರೆ ಬೇರೆ ಮಾತಿಲ್ಲ.

ಆ ಮಾತು ನನಗೇ ತಿರುಗಿ ನಿಂತದ್ದು ಘಟ್ಟದ ಕೆಳಗೆ, ಕಡಲ ತೀರದ ಊರಿನ ಆಸ್ಪತ್ರೆಯಲ್ಲಿ. ಮಗುವಿಗೆ ಟಾನ್ಸಿಲ್ ಆಪರೇಷನ್ ಆಗಿ ಎರಡನೇ ದಿನ. ನೀರು ಬೇಡ, ಗಂಜಿ ಬೇಡ. ಉಗುಳನ್ನೂ ನುಂಗದೆ ಟವೆಲ್ಲಿಗೆ ಬಿಡುತ್ತಿದ್ದಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು.

"ನುಂಗದಿದ್ರೆ ಗಾಯ ಒಣಗಿ ರಕ್ತ ಬರಬಹುದು. ಐಸ್ ಕ್ರೀಮ್ ಕೊಡಿ" ಎಂದರು ಡಾಕ್ಟರು.

ಕ್ಯಾಂಟೀನಿನ ಕಪ್ ತಂದರೆ ಮಗು ತುಟಿ ಬಿಗಿದು ಗೋಡೆಗೆ ಮುಖ ಮಾಡಿತು. ನನ್ನ ಮಗಳು ಮಂಚದ ಬುಡದಲ್ಲಿ ಕೂತು ಅಳುತ್ತಿದ್ದಳು. ಅಮ್ಮಾ ಶಾರದೆ, ಈ ಮಗು ಒಂದು ಗುಟುಕು ನುಂಗುವ ತನಕ ನಾನೂ ಏನನ್ನೂ ಬಾಯಿಗಿಡುವುದಿಲ್ಲ ಎಂದು ಹರಕೆ ಹೊತ್ತು ಹೊರಗೆ ಓಡಿದೆ.

"ಈ ಊರಲ್ಲಿ ಒಳ್ಳೆ ಐಸ್ ಕ್ರೀಮ್ ಎಲ್ಲಿ ಸಿಗತ್ತೆ ಮಾರಾಯ?" ಎಂದು ಆಟೋದವನನ್ನು ಕೇಳಿದೆ.

"ದೊಡ್ಡ ಬೋರ್ಡ್ ನೋಡಿ ಹೋಗ್ಬೇಡಿ ಅಮ್ಮ. ಊರಿನವರು ಹೋಗುವ ಜಾಗ ಬೇರೆ ಉಂಟು. ಹತ್ತಿ."

ಮೀನು ಮಾರ್ಕೆಟ್ಟಿನ ಹಿಂದೆ, ಅಲೆಯ ಸದ್ದು ಕೇಳುವಷ್ಟು ಹತ್ತಿರ, ಒಂದು ಇಕ್ಕಟ್ಟಿನ ಅಂಗಡಿ. ಮೀನು ಮಾರಿ ಮುಗಿಸಿದ ಹೆಂಗಸರು ಖಾಲಿ ಬುಟ್ಟಿ ಪಕ್ಕಕ್ಕಿಟ್ಟು, ಮನೆ ಜಗಲಿಯಲ್ಲಿ ಕೂತ ಹಾಗೆ ಕೂತು ಐಸ್ ಕ್ರೀಮ್ ತಿನ್ನುತ್ತಿದ್ದರು. ನಾನು ಮಗುವಿನ ಸಂಗತಿ ಹೇಳುತ್ತ ಅತ್ತೇಬಿಟ್ಟೆ.

"ಎಳನೀರಿಂದು ಕೊಡ್ತೇನೆ, ಕಾಯಿಯ ತಿರುಳೆಲ್ಲ ಬುಡದಲ್ಲಿರುವುದು, ಮೇಲಿಂದ ತೆಗೀತೇನೆ, ತುಂಡು ಇಲ್ಲದ ಹಾಗೆ ನುಣ್ಣಗೆ" ಎಂದು ಅಂಗಡಿಯಾಕೆ ಚಮಚ ಚಾಚಿದಳು. "ನೀವೊಮ್ಮೆ ರುಚಿ ನೋಡಿ."

"ನಾ ತಿನ್ನಂಗಿಲ್ಲ. ಹರಕೆ ಹೊತ್ತಿದೀನಿ."

"ಐಸ್ ಕ್ರೀಮಿಗೂ ಹರಕೆಯಾ!" ಎಂದು ಬುಟ್ಟಿಯವಳೊಬ್ಬಳು ನಕ್ಕಳು. ಆಮೇಲೆ ನನ್ನ ಮುಖ ನೋಡಿ ತಾನೇ ಎದ್ದು ಬಂದು, ಡಬ್ಬಿಯ ಸುತ್ತ ಐಸ್ ತುಂಡು ಇಟ್ಟು ಕಟ್ಟಿಕೊಟ್ಟಳು.

ಆಟೋದಲ್ಲಿ ಡಬ್ಬಿ ತಬ್ಬಿ ಕೂತೆ. ಕರಗೀತು, ಕರಗೀತು ಎಂಬುದೊಂದೇ ಜಪ.

ಮಂಚದ ಹತ್ತಿರ ಚಮಚ ಹಿಡಿದೆ. ಮಗು ಬಾಯಿ ತೆರೆಯಲಿಲ್ಲ. ತನ್ನ ಗಂಟಲು ಮುಟ್ಟಿ ತೋರಿಸಿ, ಗಾಳಿಯಷ್ಟೇ ಇರುವ ದನಿಯಲ್ಲಿ, "ಉಸಿರು ಕಟ್ಟತ್ತೆ. ನೀನೇ ಹೇಳಿದ್ದಲ್ಲ ಅಜ್ಜಿ" ಎಂದಿತು.

ನೋವೊಂದಕ್ಕೇ ಅಲ್ಲ, ನನ್ನ ಮಾತಿಗೂ ಹೆದರಿ ಈ ಕೂಸು ಬಾಯಿ ಬಿಗಿದಿದೆ!

"ಕಟ್ಟಲ್ಲ ಪುಟ್ಟಿ. ಸುಳ್ಳು ಹೇಳಿದ್ದು ನಾನು."

"ನೀ ಮೊದ್ಲು ತಿನ್ನು."

ಮಗಳು ಗಾಬರಿಯಾಗಿ, "ಅಮ್ಮಾ, ಹರಕೆ!" ಎಂದಳು.

ಮಗು ನುಂಗದೆ ನಾನು ತಿನ್ನುವಂತಿಲ್ಲ. ನಾನು ತಿನ್ನದೆ ಮಗು ನುಂಗುವುದಿಲ್ಲ. ಶಾರದಮ್ಮನೂ ತಾಯಿಯೇ, ಸಿಟ್ಟಿದ್ದರೆ ನನ್ನ ಮೇಲಿರಲಿ ಎಂದು ಚಮಚವನ್ನು ಬಾಯಿಗಿಟ್ಟುಕೊಂಡೆ. ಮಗು ನನ್ನ ಗಂಟಲ ಮೇಲೆ ಬೆರಳಿಟ್ಟಿತು. ಆ ತಣ್ಣಗಿನದ್ದು ಬೆರಳಿನ ಕೆಳಗೆ ಇಳಿದು ಹೋಯಿತು. ನನಗೆ ಉಸಿರು ಕಟ್ಟುತ್ತದೋ ಎಂದು ಕಣ್ಣು ಮಿಟುಕಿಸದೆ ಕಾದಳು. ನಾನು ಕೆಮ್ಮಲೂ ಹೆದರಿ ಕೂತೆ.

ಆಮೇಲೆ ಬಾಯಿ ತೆರೆದಳು.

ಒಂದು ಹನಿ. ಮುಖ ಕಿವುಚಿದಳು, ಕಣ್ಣಲ್ಲಿ ನೀರು ಬಂತು. ಗುಳುಕ್ ಎಂದಿತು. ಅಯ್ಯೋ, ಆ ಸದ್ದು! ಮದುವೆ ಮನೆ ವಾಲಗವೂ ನನಗೆ ಅಷ್ಟು ಇಂಪಾಗಿ ಕೇಳಿರಲಿಲ್ಲ.

"ಇನ್ನೊಂದು" ಎಂದಳು.

ಮನೆಗೆ ಹೊರಡುವ ದಿನ ಆ ಅಂಗಡಿಗೇ ಹೋದೆವು. ಗಂಟಲು ವಾಸಿಯಾದ ಮೇಲೆ ಮೊಮ್ಮಗಳನ್ನು ಕರೆದುಕೊಂಡು ಶೃಂಗೇರಿಗೂ ಹೋಗಿ ಬಂದೆ. ಶಾರದಮ್ಮನ ಎದುರು ಕೈಮುಗಿದು, ಏನಾಯಿತೆಂದು ಎಲ್ಲ ಹೇಳಿದೆ. ಪಕ್ಕದಲ್ಲಿದ್ದ ಮೊಮ್ಮಗಳು ಗಂಟಲು ಬಿಚ್ಚಿ, ಸುತ್ತಲಿನವರೆಲ್ಲ ತಿರುಗಿ ನೋಡುವ ಹಾಗೆ, "ನಮ್ಮಜ್ಜಿಗೆ ಏನೂ ಮಾಡ್ಬೇಡ, ನಾನೇ ತಿನ್ನು ಅಂದಿದ್ದು!" ಎಂದಳು.