ಜಾವಳಿಯ ಕಂಪ್ಯೂಟರ್ ಏಕೆ ಚಟ್ ಎನ್ನುತ್ತಿತ್ತು

ಕಳೆದ ವರ್ಷದ ಮಾರ್ಚ್. ಪ್ರಥಮ ಪಿಯುಸಿ ಪರೀಕ್ಷೆ ಮುಗಿಸಿ ನಾನು ಮೂಡಿಗೆರೆಯ ಲೋಕೇಶಣ್ಣನ ಕಂಪ್ಯೂಟರ್ ಅಂಗಡಿಯಲ್ಲಿ ಹಿರಿಯ ತಂತ್ರಜ್ಞನಾಗಿದ್ದೆ. ವಯಸ್ಸು ಹದಿನೇಳು, ಸೇವಾವಧಿ ಹನ್ನೊಂದು ದಿನ. ಬೇರೆ ತಂತ್ರಜ್ಞರೇ ಇಲ್ಲದ್ದರಿಂದ ಹಿರಿತನದ ಬಗ್ಗೆ ತಕರಾರು ಬರಲಿಲ್ಲ. ಮೊಬೈಲುಗಳಿಗೆ ಗಾಜು ಅಂಟಿಸುತ್ತಿದ್ದ ನನ್ನನ್ನು ಮೊದಲ ಬಾರಿ ಒಬ್ಬನೇ ಹೊರಗಿನ ಕೆಲಸಕ್ಕೆ ಕಳುಹಿಸುವಾಗ ಲೋಕೇಶಣ್ಣ ಸ್ಪಷ್ಟವಾಗಿ ಹೇಳಿದ್ದರು: ಕೆಲಸ ಕೆಟ್ಟರೆ ಮತ್ತೆ ಗಾಜಿಗೇ ವಾಪಸ್ಸು.

ಹೋದದ್ದು ಜಾವಳಿ ಬಳಿಯ ಒಂದು ಕಾಫಿ ಎಸ್ಟೇಟಿಗೆ. ಆಫೀಸಿನ ಕಂಪ್ಯೂಟರ್ ಸೆಕೆಂಡಿಗೊಮ್ಮೆ 'ಚಟ್' ಎನ್ನುತ್ತಿತ್ತು. ಮುಟ್ಟಿದರೆ ಕೆಂಜಿಗ ಕಚ್ಚಿದಂತೆ ಚುರುಕ್. ಆಳುಗಳ ಹಾಜರಿ ಬರೆಯುವ ರೈಟರ್ ಚಂದ್ರಣ್ಣ ನನ್ನನ್ನು 'ಇಂಜಿನಿಯರ್ರೇ' ಎಂದು ಕರೆದರು. ಆ ಒಂದು ಪದಕ್ಕೆ ಮರುಳಾಗಿ ಇಡೀ ಕಂಪ್ಯೂಟರನ್ನು ಬಿಚ್ಚಿ ಹಾಸಿದೆ. ಹೊರಗಿನ ವೈರಿಂಗ್ ನೋಡಲೇ ಎಂದು ಕೇಳಿದ್ದಕ್ಕೆ, ಅಲ್ಲಿ ಯಾರೂ ಏನೂ ಮುಟ್ಟಿಲ್ಲ, ಡಬ್ಬದೊಳಗೇ ಏನೋ ಆಗಿದೆ ಎಂದರು. ಬಿಸಿ ಕಡುಬು ಬಡಿಸುತ್ತಾ ಹೇಳಿದ ಮಾತನ್ನು ಯಾರಾದರೂ ಅನುಮಾನಿಸುತ್ತಾರೆಯೇ?

ಮೊದಲ ದಿನ ಫ್ಯಾನಿನಿಂದ ಒಂದು ಕಂಬಳಿಗಾಗುವಷ್ಟು ಧೂಳು ತೆಗೆದೆ. ಚಟ್. ಎರಡನೆಯ ದಿನ ಎಸ್‌ಎಂಪಿಎಸ್ ಬದಲಿಸಿದೆ. ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದಷ್ಟಕ್ಕೆ ಇಳಿಸಿಕೊಡುವ ಪೆಟ್ಟಿಗೆ. ಚಟ್. ಹಾರ್ಡ್ ಡಿಸ್ಕಿಗೆ ಕಿವಿಯಿಟ್ಟು, ನೋಡಲು ನಿಂತಿದ್ದ ಆಳುಗಳೆದುರು ಇದು ಅದರ ಕೊನೆಯುಸಿರು ಎಂದು ಗಂಭೀರವಾಗಿ ಘೋಷಿಸಿದೆ. ಅದನ್ನು ಕಳಚಿ ಮೇಜಿನ ಮೇಲಿಟ್ಟ ಮೇಲೂ ಚಟ್.

ಮೂರನೆಯ ದಿನ ಲೋಕೇಶಣ್ಣನ ಫೋನ್ ಬಂತು. ನಾನು ಬಿಚ್ಚಿದ ಮೇಲೆಯೇ ಸದ್ದು ಜೋರಾಯಿತೆಂದು ರೈಟರ್ ಎಸ್ಟೇಟಿನ ಸಾಹುಕಾರರಿಗೆ ದೂರು ಹೇಳಿದ್ದರಂತೆ. "ಸಾಮಾನು ಕಟ್ಕೊಂಡು ಬಾ ಮಾರಾಯ. ಸಾಹುಕಾರ್ರೇ ಈಗ ನೋಡಕ್ಕೆ ಬರ್ತಿದಾರಂತೆ." ನಾನು ಇದನ್ನು ಕೇಳುತ್ತಿರುವಾಗ ಅದೇ ಚಂದ್ರಣ್ಣ ನನ್ನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸುತ್ತಿದ್ದರು.

ಸಿಟ್ಟಿನಿಂದ ಸ್ವಿಚ್ ಆರಿಸಿದೆ. ಸತ್ತ ಕಂಪ್ಯೂಟರ್ ಕೂಡ ಚಟ್ ಎಂದಿತು. ಪ್ಲಗ್ಗನ್ನೇ ಕಿತ್ತೆ, ಸದ್ದು ನಿಂತಿತು. ಸ್ವಿಚ್ ಆರಿಸಿದರೂ ನೆಲಕ್ಕೆ ಹೋಗುವ ಹಸಿರು ಅರ್ಥಿಂಗ್ ತಂತಿಯ ಸಂಪರ್ಕ ಕಡಿಯುವುದಿಲ್ಲ. ಸದ್ದು ಆ ದಾರಿಯಲ್ಲೇ ಒಳಗೆ ಬರುತ್ತಿತ್ತು. ತಂತಿಯ ಜಾಡು ಹಿಡಿದು ಗೋಡೆಯ ಹಿಂದಕ್ಕೆ ಹೋದೆ. ಆನೆ ಬೇಲಿಗೆ ಸೆಕೆಂಡಿಗೊಮ್ಮೆ ಕರೆಂಟಿನ ಹೊಡೆತ ಕೊಡುವ ಯಂತ್ರದ ತಂತಿಯನ್ನೂ ನೆಲದಲ್ಲಿ ಹೂತ ಆಫೀಸಿನ ಅರ್ಥ್ ಸರಳಿಗೇ ಸುತ್ತಿದ್ದರು. ಬೇಲಿಯ ಅರ್ಥಿಂಗಿಗೆ ದೂರದಲ್ಲಿ ಬೇರೆ ಗುಂಡಿ ತೋಡಬೇಕಿತ್ತು. ಒಣಗಿದ ನೆಲ ಆ ಹೊಡೆತವನ್ನು ನುಂಗದೆ ಆಫೀಸಿಗೆ ತಿರುಗಿಸುತ್ತಿತ್ತು. ಆನೆಗೆಂದಿಟ್ಟ ಏಟನ್ನು ಮೂರು ದಿನ ನಾನು ತಿಂದಿದ್ದೆ.

ಹಿಂದೆಯೇ ಬಂದ ಚಂದ್ರಣ್ಣನ ಮುಖ ನೋಡಿಯೇ ಯಾರ ಕೆಲಸವೆಂದು ತಿಳಿಯಿತು.

"ಹೇಳ್ಬೇಡ ಮಾರಾಯ. ಬೇರೆ ಗುಂಡಿ ತೋಡ್ಸಿದೀನಿ ಅಂತ ಸಾಹುಕಾರ್ರಿಗೆ ಹೇಳ್ಬಿಟ್ಟಿದೀನಿ. ನೀನು ಸಣ್ಣವ, ಬೈಸ್ಕೊಂಡ್ರೂ ನಾಳೆಗೆ ಮರ್ತೋಗ್ತದೆ."

ನಿಜ ಹೇಳುತ್ತೇನೆ, ನಾನು ಅರ್ಧ ಕರಗಿದ್ದೆ. ಅಷ್ಟರಲ್ಲಿ ಜೀಪು ಬಂತು. ಸಾಹುಕಾರರಿಗೆ ಸರಳು ತೋರಿಸಿದೆ, ಹೆಸರು ಹೇಳಲಿಲ್ಲ. ಯಾರು ಕಟ್ಟಿದ್ದು ಎಂದು ಅವರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಚಂದ್ರಣ್ಣ ಹೇಳಿದರು: "ಈ ಹುಡ್ಗನೇ ಸಾರ್, ನಿನ್ನೆ ಇಲ್ಲೇನೋ ತಂತಿ ಎಳೀತಿದ್ದ."

ಸಾಹುಕಾರರು ಬಗ್ಗಿ, ಉಗುರಿನಿಂದ ಗಂಟನ್ನು ಕೆರೆದರು. "ಗಂಟಿನ ಮೇಲೆ ಗೆದ್ಲು ಮಣ್ಣು ಕಟ್ಟಿದೆಯಲ್ಲ ಚಂದ್ರಣ್ಣ. ಅದನ್ನೂ ಈ ಹುಡ್ಗ ಬ್ಯಾಗಲ್ಲಿ ತಂದಿದ್ನಾ?"

ಅವರೇ ಅಂಗಡಿಗೆ ಫೋನ್ ಮಾಡಿ ತಪ್ಪು ಹುಡುಗನದಲ್ಲ ಎಂದರು. ನನ್ನ ಕೆಲಸ ಉಳಿಯಿತು. ಅರ್ಥಿಂಗ್ ಮೇಲೆ ತನಗೆ ಮೊದಲ ದಿನವೇ ಅನುಮಾನವಿತ್ತೆಂದು ಲೋಕೇಶಣ್ಣ ಈಗ ಎಲ್ಲರಿಗೂ ಹೇಳುತ್ತಾರೆ. ಹೇಳಿಕೊಳ್ಳಲಿ. ನನಗೆ ಇಂದಿಗೂ ಚುಚ್ಚುವುದು ಬೇರೆಯೇ. ಎಲ್ಲ ಗೊತ್ತಿದ್ದೂ ಚಂದ್ರಣ್ಣ ಮೂರು ದಿನ ನನ್ನ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಏನೂ ಇಲ್ಲದ ಡಬ್ಬದೊಳಗೆ ನನಗೆ ಸರಿಯಾಗಿ ಕಾಣಲೆಂದು ಟಾರ್ಚ್ ಹಿಡಿದಿದ್ದರು.

ಈಗ ಎಲ್ಲಿಗೆ ಹೋದರೂ ಸ್ಕ್ರೂಡ್ರೈವರ್ ತೆಗೆಯುವ ಮೊದಲು ಪ್ಲಗ್ ಕೀಳುತ್ತೇನೆ. ಆಮೇಲೆ ಗೋಡೆಯ ಹಿಂದಕ್ಕೆ ನಾನೇ ಹೋಗಿ ನೋಡುತ್ತೇನೆ, ಯಾರು ಎಷ್ಟೇ ಪ್ರೀತಿಯಿಂದ ಬೇಡವೆಂದರೂ.