ಕೃಷ್ಣಮ್ಮನವರ ಓಟು

ನ್ಯೂಜೆರ್ಸಿಯ ಮನ್ರೋದ ಕನ್ನಡಿಗರಿಗೆ ಹಂಸಿನಿಯೆಂದರೆ ಗೌರವದ ಜೊತೆಗೆ ಸ್ವಲ್ಪ ಹೆದರಿಕೆಯೂ ಇತ್ತು. ಮೈಸೂರಿನವಳು, ಸಂಖ್ಯಾಶಾಸ್ತ್ರ ಓದಿದವಳು, ಒಂದು ಔಷಧ ಕಂಪನಿಯಲ್ಲಿ ಕೆಲಸ. ಯಾರ ಮನೆಗೆ ಊಟಕ್ಕೆ ಹೋದರೂ ಅವಳ ಮಾತು ಕೊನೆಗೆ ಚುನಾವಣೆಗೇ ಬಂದು ನಿಲ್ಲುತ್ತಿತ್ತು. ಸಿಟಿಜನ್ ಆದ ದಿನ ಬಾವುಟ ಹಿಡಿದು ಫೋಟೋ ಹಾಕುವ ನಮ್ಮವರು ಓಟಿನ ದಿನ ಆಫೀಸಿನಿಂದ ಏಳುವುದಿಲ್ಲ ಎಂದು ಮುಖಕ್ಕೆ ಹೇಳಿಬಿಡುತ್ತಿದ್ದಳು. ಎರಡು ಸಾವಿರದ ಇಪ್ಪತ್ನಾಲ್ಕರ ಅಧ್ಯಕ್ಷ ಚುನಾವಣೆಗೆ ಮುಂಚೆ ಹತ್ತಿರದ ಐಸೆಲಿನ್‌ನಲ್ಲಿ ದೀಪಾವಳಿ ಊಟವಾದಾಗ ಮೈಕ್ ಹಿಡಿದು ಆರೋಗ್ಯ ವಿಮೆಯ ಬಗ್ಗೆಯೇ ಮಾತಾಡಿದಳು. ಕಾನೂನು ಬದಲಾದರೆ ಕೆಲಸ ಹೋದವರಿಗೆ, ಕಾಯಿಲೆ ಬಿದ್ದವರಿಗೆ ಮೊದಲ ಪೆಟ್ಟು, ಅಂಥವರು ನಮ್ಮಲ್ಲೂ ಇದ್ದಾರೆ ಎಂದಳು. ನಿಜಕ್ಕೂ ಅಂಥವರೊಬ್ಬರ ಪರಿಚಯವೂ ಅವಳಿಗಿರಲಿಲ್ಲ. ಅವಳಿಗೂ ಗಂಡ ಕಶ್ಯಪನಿಗೂ ಕಂಪನಿಯವರೇ ಕೊಡುವ ವಿಮೆಯಿತ್ತು.

ನ್ಯೂಜೆರ್ಸಿಯ ಫಲಿತಾಂಶ ಮೊದಲೇ ಗೊತ್ತಿದ್ದದ್ದು. ತಕ್ಕಡಿ ತೂಗಾಡುತ್ತಿದ್ದದ್ದು ನದಿಯಾಚೆಯ ಪೆನ್ಸಿಲ್ವೇನಿಯಾದಲ್ಲಿ. ಓಟಿನ ದಿನ ಹಂಸಿನಿ ರಜೆ ಹಾಕಿ, ಅಲ್ಲಿಯ ಮನೆಮನೆಗೆ ಹೋಗಿ ಜನರನ್ನು ಓಟಿಗೆ ಹೊರಡಿಸಲು ಕಾರು ಹತ್ತಿದಳು. ಮೊದಲು ನಿನ್ನ ಓಟು ಹಾಕಿ ಹೋಗು ಎಂದ ಕಶ್ಯಪ್. ಸಂಜೆ ಬಂದು ಹಾಕಿದರಾಯಿತು ಎಂದಳು.

ಮಧ್ಯಾಹ್ನ ಅವಳು ತಟ್ಟಿದ ಒಂದು ಬಾಗಿಲನ್ನು ತೆರೆದವರು ಅರವತ್ತು ದಾಟಿದ ಹೆಂಗಸು. ಒಳಗಿನಿಂದ ಒಗ್ಗರಣೆಯ ವಾಸನೆ ಬಂತು. ಹೆಸರು ಕೇಳಿದಳು. ಕೃಷ್ಣಮ್ಮ, ಮಂಡ್ಯದ ಕಡೆಯವರು. ಗಂಡ ಚಂದ್ರಶೇಖರ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿದ್ದವರು, ಪಾರ್ಶ್ವವಾಯು ಬಡಿದು ಬಲಗೈ ಬಲಗಾಲು ಬಿದ್ದುಹೋಗಿದ್ದವು. ಕೆಲಸದ ಜೊತೆ ವಿಮೆಯೂ ಹೋಗಿತ್ತು. ಈಗ ಸರ್ಕಾರದ ಸಬ್ಸಿಡಿಯಲ್ಲಿ ಕೊಂಡ ವಿಮೆಯಿಂದಲೇ ವ್ಯಾಯಾಮ ಮಾಡಿಸುವವರು ಮನೆಗೆ ಬರುತ್ತಿದ್ದರು. ಚಮಚ ಹಿಡಿಯುವಷ್ಟು ಬೆರಳು ಮಡಚುವುದು ಬಂದಿತ್ತು.

"ಓಟ್ ಹಾಕ್ಬೇಕು ಅಂತ ನಂಗೂ ಆಸೆ. ಇವರನ್ನ ಒಬ್ಬರನ್ನೇ ಬಿಟ್ಟು ಹೆಂಗೆ ಹೋಗ್ಲಮ್ಮ? ಮಗಳು ಕೆಲಸ ಮುಗಿಸಿ ಬರೋ ಹೊತ್ತಿಗೆ ಬೂತ್ ಮುಚ್ಚಿರುತ್ತೆ," ಎಂದರು ಕೃಷ್ಣಮ್ಮ.

"ಆಂಟಿ, ಇವತ್ತು ನಿಮ್ಮ ವೋಟು ತುಂಬಾ ಮ್ಯಾಟರ್ ಆಗುತ್ತೆ. ನಾನು ಅಂಕಲ್ ಹತ್ರ ಕೂತಿರ್ತೀನಿ. ನೀವು ಬರೋವರೆಗೂ ಎಲ್ಲಿಗೂ ಹೋಗಲ್ಲ."

ಕೃಷ್ಣಮ್ಮ ಗಂಡನ ಮುಖ ನೋಡಿದರು. ಅವರು ಎಡಗೈ ಬೀಸಿ, ಹೋಗು ಎಂದರು. ಆಕೆ ತಲೆ ಬಾಚಿಕೊಂಡು, ಕುಂಕುಮ ತಿದ್ದಿ, ಒಳ್ಳೆಯ ಸೀರೆಯ ಮೇಲೆ ಕೋಟು ಹಾಕಿಕೊಂಡು ಹೊರಟರು. ಹಂಸಿನಿಗೆ ಹೆಮ್ಮೆಯಾಯಿತು. ಪೆನ್ಸಿಲ್ವೇನಿಯಾದಲ್ಲಿ ಒಬ್ಬ ಆಂಟಿಯನ್ನು ಓಟಿಗೆ ಕಳಿಸಿದೆ ಎಂದು ಮನ್ರೋ ಗೆಳೆಯರ ವಾಟ್ಸಾಪ್ ಗುಂಪಿಗೆ ಆಗಲೇ ಬರೆದಳು.

ಚಂದ್ರಶೇಖರ ತಡೆತಡೆದು ಮಾತಾಡಿದರು. ಸಿಟಿಜನ್‌ಶಿಪ್ ಇಂಟರ್‌ವ್ಯೂಗೆ ಕರೆ ಬಂದಾಗ ಅವರು ಆಸ್ಪತ್ರೆಯಲ್ಲಿದ್ದರಂತೆ, ಆಮೇಲೆ ಅದು ಮುಂದುವರಿಯಲೇ ಇಲ್ಲ. ಹಾಗಾಗಿ ಮನೆಯಲ್ಲಿ ಇರುವುದು ಒಂದೇ ಓಟು.

ಹೊತ್ತು ಇಳಿಯಿತು. ಬೂತ್ ಇರುವ ಶಾಲೆಯ ಸುತ್ತ ಸಾಲಿದೆ, ನಿಂತಿದ್ದೇನೆ ಎಂದು ಕೃಷ್ಣಮ್ಮ ಒಮ್ಮೆ ಫೋನ್ ಮಾಡಿದರು. ಹೊರಗೆ ಕತ್ತಲಾದಾಗ ಹಂಸಿನಿ ಫೋನಿನಲ್ಲಿ ದಾರಿ ನೋಡಿದಳು. ಸೇತುವೆಯವರೆಗೂ ಟ್ರಾಫಿಕ್. ಗುಂಪಿನಲ್ಲಿ ಒಬ್ಬೊಬ್ಬರೂ ಓಟು ಹಾಕಿದ ಸ್ಟಿಕ್ಕರ್ ಅಂಟಿಸಿಕೊಂಡು ಫೋಟೋ ಹಾಕುತ್ತಿದ್ದರು. ನಿಂದೆಲ್ಲಿ ಎಂದು ಯಾರೋ ಕೇಳಿದರು. ಊರಿಗೆಲ್ಲ ಬುದ್ಧಿ ಹೇಳಿದವಳೇ ಓಟು ಹಾಕಲಿಲ್ಲ ಎಂದರೆ ಹೇಗೆ? ಅವಳು ಎದ್ದು ಪಡಸಾಲೆಯ ಮೂಲೆಗೆ ಹೋಗಿ ಕೃಷ್ಣಮ್ಮನವರಿಗೆ ಫೋನ್ ಮಾಡಿದಳು.

"ಆಂಟಿ, ಇನ್ನೂ ಎಷ್ಟು ಹೊತ್ತಾಗಬಹುದು? ನಾನು ನ್ಯೂಜೆರ್ಸಿಗೆ ವಾಪಸ್ ಹೋಗಿ ವೋಟ್ ಹಾಕ್ಬೇಕಿತ್ತು."

ಆ ಕಡೆ ಸಾಲಿನ ಜನರ ಗದ್ದಲ ಕೇಳಿಸುತ್ತಿತ್ತು.

"ಬಂದೆ ಕಣಮ್ಮ," ಎಂದರು ಕೃಷ್ಣಮ್ಮ.

ಆ ಮಾತಿನ ಅರ್ಥ ಹಂಸಿನಿಗೆ ಆಗಲೇ ಆಗಿತ್ತು. ಬೇಡ, ಸಾಲಿನಲ್ಲೇ ಇರಿ ಎನ್ನಲು ಒಂದು ಕ್ಷಣ ಸಾಕಿತ್ತು. ಅವಳು ಅನ್ನಲಿಲ್ಲ. ಕೃಷ್ಣಮ್ಮ ಏದುಸಿರು ಬಿಡುತ್ತ ಬಂದಾಗ ಓಟು ಹಾಕಿದಿರಾ ಎಂದೂ ಕೇಳಲಿಲ್ಲ. ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತಿರುವಾಗ ಒಳಗಿನಿಂದ ಚಂದ್ರಶೇಖರ, ಆಯಿತಾ ಎಂದು ಹೆಂಡತಿಯನ್ನು ಕೇಳಿದ್ದು ಕಿವಿಗೆ ಬಿತ್ತು. ಉತ್ತರಕ್ಕೆ ಕಾಯದೆ ಕಾರಿನತ್ತ ನಡೆದಳು.

ಮನ್ರೋದಲ್ಲಿ ಬೂತ್ ಮುಚ್ಚುವ ಮೊದಲೇ ತಲುಪಿದಳು. ಸಾಲೇ ಇರಲಿಲ್ಲ. ಓಟು ಹಾಕಿ, ಸ್ಟಿಕ್ಕರ್ ಅಂಟಿಸಿಕೊಂಡು ಫೋಟೋ ಕಳಿಸಿದಳು. ಎರಡೆರಡು ರಾಜ್ಯ ನೋಡಿಕೊಂಡಳು ಎಂದು ಎಲ್ಲರೂ ಹೊಗಳಿದರು. ಮಧ್ಯಾಹ್ನ ಬರೆದಿದ್ದನ್ನು ಅವಳು ತಿದ್ದಲಿಲ್ಲ.

ಮಾರನೆಯ ದಿನ ಪೆನ್ಸಿಲ್ವೇನಿಯಾದಲ್ಲಿ ತನ್ನ ಕಡೆಯವರು ಸೋತ ಫಲಿತಾಂಶ ಬಂದಾಗ ಅಳುತ್ತ ಕಶ್ಯಪನಿಗೆ ಎಲ್ಲವನ್ನೂ ಹೇಳಿದಳು. ಅಷ್ಟು ದೊಡ್ಡ ಅಂತರದಲ್ಲಿ ಆ ಒಂದು ಓಟಿನಿಂದ ಏನೂ ಬದಲಾಗುತ್ತಿರಲಿಲ್ಲ ಎಂದು ಅವನು ಸಮಾಧಾನ ಮಾಡಿದ. ಲೆಕ್ಕ ಅವಳಿಗೇ ಚೆನ್ನಾಗಿ ಗೊತ್ತಿತ್ತು. ಆದರೆ ಆಸೆಯಿಂದ ಸೀರೆ ಉಟ್ಟು ಹೋದವರನ್ನು ಸಾಲಿನಿಂದ ಬಿಡಿಸಿ ತಂದದ್ದು ಯಾವ ಲೆಕ್ಕಕ್ಕೆ ಬರಬೇಕು?

ಮುಂದಿನ ವರ್ಷ ವಿಮೆಯ ಸಬ್ಸಿಡಿ ಮುಂದುವರಿಯುವುದು ಅನುಮಾನ ಎಂಬ ಸುದ್ದಿ ಬರತೊಡಗಿತು. ಒಂದು ಶನಿವಾರ ಹಂಸಿನಿ ತಡೆಯಲಾರದೆ ಆ ಮನೆಗೆ ಹೋದಳು. ಗಂಡಹೆಂಡತಿ ಇಬ್ಬರ ಎದುರಿಗೂ ತಪ್ಪೊಪ್ಪಿಕೊಳ್ಳಬೇಕೆಂದು ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡಿದ್ದಳು. ಬಾಯಿ ತೆರೆಯುವ ಮೊದಲೇ ಚಂದ್ರಶೇಖರ ಎಡಗೈಯನ್ನು ಹಣೆಗೆ ಮುಟ್ಟಿಸಿದರು.

"ನೀವು ಅವತ್ತು ಕೂತ್ಕೊಂಡಿದ್ದಕ್ಕೆ... ಇವಳು ಓಟ್ ಹಾಕಿದ್ಲು. ನಮ್ಮನೆ ಓಟು... ಹಾಳಾಗ್ಲಿಲ್ಲ."

ಹಂಸಿನಿ ತಿರುಗಿ ನೋಡಿದಳು. ಕೃಷ್ಣಮ್ಮ ತಲೆ ಬಗ್ಗಿಸಿ ಅಡುಗೆಮನೆಗೆ ಹೋದರು. ಇವಳೂ ಹಿಂದೆಯೇ ಹೋದಳು.

"ಅವರಿಗೆ ಹೇಳ್ಬೇಡಮ್ಮ," ಎಂದು ಕೃಷ್ಣಮ್ಮ ದನಿ ತಗ್ಗಿಸಿದರು. "ಆಯ್ತಾ ಅಂತ ಅವರು ಕೇಳ್ದಾಗ ನೀನಿನ್ನೂ ಬಾಗಿಲಲ್ಲೇ ಇದ್ದೆ. ನಿನಗೆ ಕೇಳೋ ಹಂಗೆ ಇಲ್ಲ ಅಂತ ಹೆಂಗೆ ಹೇಳ್ಲಿ? ಪಾಪ, ನೀನು ಬೇಜಾರ್ ಮಾಡ್ಕೋತಿದ್ದೆ."

ಹಂಸಿನಿ ಕ್ಷಮೆ ಕೇಳಲು ಹೋದಳು. ಕೃಷ್ಣಮ್ಮ ಕಾಫಿ ಲೋಟವನ್ನು ಅವಳ ಕೈಗಿಟ್ಟು, ಆರಿಹೋಗುತ್ತೆ ಕುಡಿ ಎಂದರು.

ಅಲ್ಲಿಂದಾಚೆಗೆ ಹಂಸಿನಿ ಮೈಕ್ ಹಿಡಿದಿಲ್ಲ. ಕೇಳಿದರೆ ಬೇರೆಯವರ ಹೆಸರು ಹೇಳುತ್ತಾಳೆ. ಕೆಲವು ಶನಿವಾರ ನದಿ ದಾಟಿ ಹೋಗಿ ಚಂದ್ರಶೇಖರರ ಬಳಿ ಕೂರುತ್ತಾಳೆ. ಕೃಷ್ಣಮ್ಮ ಆಗ ಪೇಟೆಗೆ ಹೋಗಿಬರುತ್ತಾರೆ. ಮನೆಗೆ ಯಾರೇ ಬಂದರೂ ಚಂದ್ರಶೇಖರ, ಇವರೇ ನಮ್ಮವಳಿಂದ ಓಟು ಹಾಕಿಸಿದವರು ಎಂದು ಪರಿಚಯ ಮಾಡಿಸುತ್ತಾರೆ. ಹಂಸಿನಿ ನೆಲ ನೋಡುತ್ತಾಳೆ. ಬಂದವರು ಅದನ್ನು ವಿನಯ ಎಂದುಕೊಳ್ಳುತ್ತಾರೆ.