ಇಳಿಜಾರು ನೋಡಿ ನಿಲ್ಲಿಸಿದ ಕಾರು

ಹುಣಸೂರಿನ ನಮ್ಮ ಮನೆ ಮುಂದಿನ ರಸ್ತೆಗೆ ಮೊನ್ನೆ ಕಾಂಕ್ರೀಟು ಬಿತ್ತು. ಹಸಿ ಸಿಮೆಂಟಿನ ವಾಸನೆಗೆ ಎದ್ದು ಬಂದು ಗೇಟು ತೆಗೆದರೆ, ಇಷ್ಟು ವರ್ಷ ನನ್ನ ಕಾರನ್ನು ಸಾಕಿದ ಇಳಿಜಾರೇ ಇಲ್ಲ! ಯಂತ್ರ ತಂದು ಸವರಿ, ಕೇರಂ ಬೋರ್ಡಿನ ಹಾಗೆ ಸಪಾಟು ಮಾಡಿಬಿಟ್ಟಿದ್ದರು. ಅಕ್ಕಪಕ್ಕದವರೆಲ್ಲ ಚೆಂದಾಯ್ತು ಅಂದರು. ನನಗೆ ಮಾತ್ರ ಊರುಗೋಲು ಕಸಿದುಕೊಂಡ ಹಾಗಾಯಿತು.

ಇಳಿಜಾರಿಗೂ ಕಾರಿಗೂ ಎಂಥ ನೆಂಟಸ್ತಿಕೆ ಎನ್ನುತ್ತೀರಾ? ನನ್ನದು ಹಳೆಯ ಅಂಬಾಸಿಡರ್. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು ಗೂಡುಗಳಿಗೆ ಸೌದೆ ಮಾರಿ ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದಾಗ, ಪಿರಿಯಾಪಟ್ಟಣದ ಆಚೆ ಕಾಫಿ ತೋಟದವರೊಬ್ಬರಿಂದ ಕೊಂಡದ್ದು. ಹಳೆ ಕಾರು ಕೊಳ್ಳುವವರಿಗೆ ಒಂದು ಮಾತು ಪುಕ್ಕಟೆ ಹೇಳುತ್ತೇನೆ: ಬಣ್ಣ ನೋಡಬೇಡಿ, ಕಾಲಡಿಯ ಮ್ಯಾಟು ಎತ್ತಿ ತುಕ್ಕು ನೋಡಿ. ಮಾರುವವನು ಕಾರನ್ನು ಇಳಿಜಾರಿನಲ್ಲಿ ನಿಲ್ಲಿಸಿದ್ದರೆ ಅನುಮಾನ ಪಡಿ. ಆ ಪುಣ್ಯಾತ್ಮ ದಿಣ್ಣೆಯ ಮೇಲೇ ನಿಲ್ಲಿಸಿದ್ದ. ಮನೆಗೆ ತಂದ ಮೇಲೆ ಗೊತ್ತಾಯಿತು, ಸ್ಟಾರ್ಟರ್ ಸತ್ತಿದೆ. ಹ್ಯಾಂಡಲ್ ಹಾಕಿ ತಿರುಗಿಸೋಣವೆಂದರೆ ಹ್ಯಾಂಡಲೂ ಇಲ್ಲ. ನಾನು ಚೌಕಾಸಿ ಮಾಡಿದ ಪರಿಗೆ ಅವನು ಅದನ್ನು ತನ್ನಲ್ಲೇ ಉಳಿಸಿಕೊಂಡಿದ್ದ.

ಉಳಿದದ್ದು ಒಂದೇ ದಾರಿ. ಎತ್ತರದಲ್ಲಿ ನಿಲ್ಲಿಸುವುದು, ಉರುಳಲು ಬಿಟ್ಟು ಕ್ಲಚ್ ಬಿಡುವುದು; ಆ ಓಟಕ್ಕೆ ಇಂಜಿನ್ ತಾನಾಗಿ ಹೊತ್ತಿಕೊಳ್ಳುತ್ತಿತ್ತು. ಹುಣಸೂರು, ಎಚ್.ಡಿ. ಕೋಟೆ ಎಂದರೆ ಏರು ತಗ್ಗಿನ ಸೀಮೆ, ಅಲ್ಲಿ ನನಗೆ ಕೊರತೆಯಿರಲಿಲ್ಲ. ಯಾವ ಹೋಟೆಲಿನಲ್ಲಿ ಇಡ್ಲಿ ಚೆನ್ನ ಎಂದು ಜನ ನೋಡಿದರೆ, ಯಾವ ಹೋಟೆಲಿನ ಮುಂದೆ ಇಳಿಜಾರಿದೆ ಎಂದು ನಾನು ನೋಡುತ್ತಿದ್ದೆ. ಸ್ಟಾರ್ಟರ್ ರಿಪೇರಿ ಮಾಡಿಸಬಾರದಿತ್ತೇ ಎಂದು ಕೇಳಬೇಡಿ. ಇಳಿಜಾರು ಬಿಟ್ಟಿ ಸಿಗುವಾಗ ದುಡ್ಡು ಬಿಚ್ಚುವುದು ನನ್ನ ಜಾಯಮಾನವಲ್ಲ.

ಇಂಥ ಕಾರಿನಲ್ಲಿ ಒಬ್ಬನೇ ಸಾಲಿಗ್ರಾಮದ ಕಡೆಗೆ ಹೆಣ್ಣು ನೋಡಲು ಹೊರಟೆ. ಸೌದೆ ಮಾರುವವನಿಗೆ, ಅದೂ ಹಿಂದೆ ಮುಂದೆ ಯಾರೂ ಇಲ್ಲದವನಿಗೆ, ನಾಲೆ ನೀರಿನ ಗದ್ದೆಯವರು ಹೆಣ್ಣು ಕೊಡುವುದುಂಟೇ? ಆಗಲೇ ಎರಡು ಮನೆಯವರು ನೋಡೋಣ ಎಂದು ಸಾಗಹಾಕಿದ್ದರು. ಇದೂ ತಪ್ಪಿದರೆ ಇನ್ನು ಯಾರ ಬಾಗಿಲಿಗೂ ಹೋಗುವುದಿಲ್ಲ ಎಂದುಕೊಂಡಿದ್ದೆ. ಸ್ವಂತ ಕಾರಿನಿಂದ ಇಳಿದರೆ ಅದೇ ನನ್ನ ಕುಲ, ಅದೇ ನನ್ನ ಗೋತ್ರ ಎಂಬ ಧೈರ್ಯವೊಂದೇ ಇದ್ದದ್ದು. ಕೆ.ಆರ್. ನಗರ ದಾಟಿದ ಮೇಲೆ ಒಂದು ದಿಣ್ಣೆಗಾಗಿ ಕಣ್ಣಾಡಿಸಿದೆ. ಎತ್ತ ನೋಡಿದರೂ ಭತ್ತದ ಗದ್ದೆ, ತಟ್ಟೆಯ ಹಾಗೆ ಸಮ. ಒಂದು ಗೇಣು ಎತ್ತರವಿಲ್ಲ!

ಹೆಣ್ಣಿನ ಮನೆ ಮುಂದೆ ಇಂಜಿನ್ ಆರಿಸದೆಯೇ ಇಳಿದೆ. ಹೆಣ್ಣಿನ ತಂದೆ ಜಗಲಿಯಿಂದಲೇ, "ಅದ್ಯಾಕ್ರೀ ಅಂಗೆ ಬಡ್ಕತಾ ಅದೆ? ಆರ್ಸಿ ಬನ್ನಿ. ಕಾಫಿ ಕುಡಿಯಕ್ಕೂ ಪುರುಸೊತ್ತಿಲ್ವಾ?" ಎಂದರು. ಆರಿಸಿದೆ.

ಉಪ್ಪಿಟ್ಟು ಬಂತು, ಹುಡುಗಿ ಸುಶೀಲ ಕಾಫಿ ತಂದಿಟ್ಟಳು. ನಾನು ಅವಳ ಮುಖ ನೋಡಿದೆನೋ ಇಲ್ಲವೋ, ಮನಸ್ಸೆಲ್ಲ ಹೊರಗಿನ ಸಮನೆಲದ ಮೇಲೆ. ಹೊರಡುವಾಗ ಗುಟ್ಟು ಬಿಟ್ಟುಕೊಡಲೇಬೇಕಾಯಿತು.

"ತಳ್ಬೇಕಾ?" ಯಜಮಾನರು ಕಾರನ್ನೂ ನನ್ನನ್ನೂ ನೋಡಿದರು. "ನೀವು ಒಳಗೆ ದೊರೆ ಅಂಗೆ ಕೂರೋದು, ನಾನು ಹಿಂದೆ ತಳ್ಳೋದು! ಹೆಣ್ಣು ಕೊಡೋಕ್ ಮುಂಚೇನೇ ಅಳಿಯನ್ನ ತಳ್ಬುಟ್ಟ ಅಂತ ಊರೋರು ಆಡ್ಕೊಳಲ್ವಾ?"

"ನಾನೇ ತಳ್ತೀನಿ ಯಜಮಾನ್ರೇ. ಒಳಗೆ ಯಾರಾದ್ರೂ ಸ್ಟೇರಿಂಗ್ ಹಿಡ್ಕಂಡ್ರೆ ಸಾಕು."

"ನಾನ್ ಹಿಡ್ಕತೀನಿ ಬುಡಪ್ಪ," ಎಂದು ಸುಶೀಲ ಬಾಗಿಲ ಹಿಂದಿನಿಂದ ಬಂದಳು. "ಎತ್ತಿನ ಗಾಡಿ ಹೊಡೆದಿಲ್ವಾ ನಾನು?"

ಸೆಕೆಂಡ್ ಗೇರಿಗೆ ಹಾಕಿ, ಕ್ಲಚ್ ತೋರಿಸಿ, ಕೂಗಿದಾಗ ಬಿಡಿ ಎಂದೆ. ನಾನು ತಳ್ಳತೊಡಗಿದೆ. ನೋಡಲಾರದೆ ಅವರಪ್ಪನೂ ಪಂಚೆ ಎತ್ತಿ ಕಟ್ಟಿ ಕೈ ಹಚ್ಚಿದರು. "ಬುಡಿ!" ಎಂದೆ. ಬಿಟ್ಟಳು. ಕಾರು ಕೆಮ್ಮಿತು, ಜಿಗಿಯಿತು, ಹೊರಟೇಹೋಯಿತು. ಹೊರಡಿಸುವುದನ್ನು ಹೇಳಿಕೊಟ್ಟಿದ್ದೆ, ನಿಲ್ಲಿಸುವುದನ್ನು ಹೇಳಿರಲಿಲ್ಲ.

ಎಡಗಡೆ ತುಂಬಿದ ನಾಲೆ. ನಾನು "ಬ್ರೇಕು! ಬ್ರೇಕು!" ಎಂದು ಅರಚುತ್ತಾ ಓಡಿದೆ; ಆ ಪದ ಅವಳಿಗೆ ಏನು ಗೊತ್ತು? ಕಾರು ಏರಿಯ ಅಂಚಿಗೆ ಹೋಗಿ, ಒಮ್ಮೆಗೇ ಬಲಕ್ಕೆ ಹೊರಳಿ, ಹುಲ್ಲಿನ ಮೆದೆಯೊಳಗೆ ಮೂತಿ ತೂರಿಸಿ ಸುಮ್ಮನಾಯಿತು. ಬಾಗಿಲು ತೆಗೆದು ತಲೆ ತುಂಬ ಹುಲ್ಲು ಮೆತ್ತಿಕೊಂಡು ಸುಶೀಲ ಇಳಿದಳು.

ಅವರಪ್ಪ ಏದುಸಿರು ಬಿಡುತ್ತಾ ಬಂದು, "ಹೆಣ್ಣು ನೋಡಕ್ ಬಂದ್ರಾ, ಹೆಣ್ಣು ಓಡ್ಸಕ್ ಬಂದ್ರಾ ಸ್ವಾಮಿ?" ಎಂದರು. ಸಂಬಂಧ ಮುರಿಯಿತು ಎಂದುಕೊಂಡೆ.

"ಸುಮ್ನಿರಪ್ಪ. ನಾಲೆಗೇನ್ ಬುಟ್ನಾ? ಮೆದೆಗೆ ಬುಟ್ಟೆ," ಎಂದಳು ಸುಶೀಲ. ಆಮೇಲೆ ಮೊದಲ ಸಲ ನನ್ನತ್ತ ತಿರುಗಿ, "ನಿಲ್ಸೋದ್ ಏಳ್ಕೊಡಿ. ಆಮೇಲ್ ನೋಡಾನ," ಎಂದಳು.

ಮತ್ತೆ ತಳ್ಳಿ ಹೊರಡಿಸಿ ಬ್ರೇಕು ಹೇಳಿಕೊಟ್ಟೆ. ಸಂಜೆಯೊಳಗೆ ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿ ತೋರಿಸಿದಳು. ಯಜಮಾನರು ಗೊಣಗುತ್ತಲೇ ಎಲೆ ಅಡಿಕೆ ತಟ್ಟೆ ತಂದರು. ಮದುವೆ ಖರ್ಚು ಯಾರದು, ಊಟ ಯಾರದು ಎಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದ ಚೌಕಾಸಿಯ ಮಾತು ಒಂದೂ ಬಾಯಿಗೆ ಬರಲಿಲ್ಲ. ಅವರು ಹೇಳಿದ್ದಕ್ಕೆಲ್ಲ ಹೂಂ ಅಂದೆ. ನನ್ನ ಆಯುಸ್ಸಿನಲ್ಲಿ ಹಾಗೆ ಮಾಡಿದ ವ್ಯಾಪಾರ ಅದೊಂದೇ.

ಮದುವೆಗೆ ಮುಂಚೆ ಸ್ಟಾರ್ಟರ್ ಮಾಡಿಸಿದೆ. ಆದರೆ ಇಳಿಜಾರು ನೋಡಿ ನಿಲ್ಲಿಸುವ ಚಟ ಬಿಡಲಿಲ್ಲ. ಮನೆ ಕಟ್ಟಿದ್ದೂ ದಿಣ್ಣೆಯ ಮೇಲೇ. ಮೊನ್ನೆ ಕಾಂಕ್ರೀಟು ನೋಡಿ ನಾನು ಗೋಳಾಡುವುದನ್ನು ಕೇಳಿ ಕೇಳಿ ಸುಶೀಲ, "ಸಾಕು ಬನ್ರೀ. ಅಪ್ಪನ ಊರಿಗೆ ಓಗ್ ಬರಾನ," ಎಂದು ಕೀಲಿ ಎತ್ತಿಕೊಂಡಳು.

ಈಗಿನ ರಸ್ತೆಯಲ್ಲಿ ಈ ಕಾರು ಓಡಿಸುವುದು ಹುಡುಗಾಟವಲ್ಲ. ನಲವತ್ತರಲ್ಲಿ ಹೋದರೆ ಹಿಂದಿನವನು ಹಾರ್ನು ಒತ್ತಿ ಒತ್ತಿ ಸಾಯುತ್ತಾನೆ. ತಿರುಗಲು ಕೈ ಚಾಚಿದರೆ ದಾರಿ ಬಿಟ್ಟೆವೆಂದು ನುಗ್ಗುತ್ತಾನೆ. ದೊಡ್ಡ ಇಂಡಿಕೇಟರ್ ಹಾಕಿಸಿ, ಇದು ನನ್ನ ಸಲಹೆ. ಸುಶೀಲ ಮಾತ್ರ ಯಾರಿಗೂ ಸೊಪ್ಪು ಹಾಕದೆ ತನ್ನ ಪಾಡಿಗೆ ಓಡಿಸುತ್ತಿದ್ದಳು. ಕೆ.ಆರ್. ನಗರ ದಾಟಿ, ಗದ್ದೆ ಬಯಲಿನ ನಟ್ಟನಡುವೆ ಒಂದು ಟೀ ಅಂಗಡಿಯ ಮುಂದೆ ನಿಲ್ಲಿಸಿದಳು. ಆರಿಸಬೇಡ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಕೀಲಿ ತಿರುಗಿಸಿಯಾಗಿತ್ತು.

"ಏನೋ ಅನ್ನಕ್ ಹೋದ್ರಿ?"

"ಏನಿಲ್ಲ. ಇಳಿ, ಟೀ ಕುಡಿಯಾನ."

ಬಿಸಿ ಇಂಜಿನ್ ಬಾನೆಟ್ಟಿನೊಳಗೆ ಟಿಕ್ ಟಿಕ್ ಎನ್ನುತ್ತಿತ್ತು. ಅದು ತಣ್ಣಗಾಗಿ ಸದ್ದಡಗುವವರೆಗೂ ಅಲ್ಲೇ ಬೆಂಚಿನ ಮೇಲೆ ಕೂತಿದ್ದೆವು. ಎಲ್ಲಾದರೂ ಇಳಿಜಾರಿದೆಯೇ ಎಂದು ನಾನು ಸುತ್ತ ನೋಡಲಿಲ್ಲ.